ಐವತ್ತೈದು ತುಂಬಿದವರ ಆಟ

ಗಾಲ್ಫ್ ಆಡುವ ಹಿರಿಯರಿಗೆಂದೇ ಒಂದು ಟೂರ್ನಿ ಬೇಕು, ಅವರದೇ ಒಂದು ಸಂಘ ಬೇಕು ಎಂಬ ಯೋಚನೆ ಕಾರ್ಯರೂಪಕ್ಕೆ ಬಂದದ್ದು ನ್ಯೂಯಾರ್ಕ್ ನಗರದ ಹೊರವಲಯದ ರೈ ಎಂಬ ಊರಿನಲ್ಲಿ. ಅಲ್ಲಿನ ಅಪವಾಮಿಸ್ ಕ್ಲಬ್ಬಿನ ಸದಸ್ಯ ಹೊರೆಸ್ ಹಾಚ್‌ಕಿಸ್ 1905ರಲ್ಲಿ ತಮ್ಮ ಓರಗೆಯವರನ್ನು ಕಲೆಹಾಕಿ ಪಂದ್ಯಾವಳಿಯೊಂದನ್ನು ಏರ್ಪಡಿಸಿದರು. ಆಡಲು ಬರುವವರಿಗೆ ಐವತ್ತೈದು ತುಂಬಿರಬೇಕು ಎಂಬುದು ಅದರ ಮುಖ್ಯ ಷರತ್ತು. ಹನ್ನೆರಡು ವರ್ಷಗಳ ನಂತರ, 1917ರಲ್ಲಿ, ಆ ಪಂದ್ಯಾವಳಿಯ ಸುತ್ತ ಬೆಳೆದ ಬಳಗವೇ ಅಮೆರಿಕದ ಸೀನಿಯರ್ಸ್ ಗಾಲ್ಫ್ ಅಸೋಸಿಯೇಷನ್ ಆಯಿತು. ವಾರದ ನಡುವೆ ಬೆಳಗಿನ ಹೊತ್ತು ನಾಲ್ಕು ನಾಲ್ಕು ಜನ ಗುಂಪು ಕಟ್ಟಿಕೊಂಡು ಆಡಿ, ಆಮೇಲೆ ಒಟ್ಟಿಗೆ ಕೂತು ತಿಂಡಿ ತಿಂದು, ತಿಂಗಳಿಗೊಮ್ಮೆ ಬಹುಮಾನ ಹಂಚಿಕೊಳ್ಳುವ ಇಂದಿನ ಹಿರಿಯರ ಬಳಗಗಳೆಲ್ಲ ಆ ಪಂದ್ಯಾವಳಿಯ ವಾರಸುದಾರರು. ಹಿರಿಯ ಆಟಗಾರರ ಈ ಸ್ಮರಣ ಸಂಚಿಕೆಯಲ್ಲಿ ಅದರ ಚರಿತ್ರೆಗೂ ಒಂದಿಷ್ಟು ಜಾಗ ಸಲ್ಲಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಈ ಯೋಚನೆ ಗಾಲ್ಫಿನ ತವರಾದ ಸ್ಕಾಟ್‌ಲೆಂಡಿನಲ್ಲಿ ಹುಟ್ಟದೆ ಅಮೆರಿಕದಲ್ಲಿ ಹುಟ್ಟಿದ್ದೇಕೆ? ಆ ದೇಶಕ್ಕೆ ಗಾಲ್ಫ್ ಬಂದದ್ದೇ ತಡವಾಗಿ. ಕಲ್ಕತ್ತೆಯಲ್ಲಿ 1829ರಲ್ಲೇ ಗಾಲ್ಫ್ ಕ್ಲಬ್ ಸ್ಥಾಪನೆಯಾಗಿತ್ತು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಸ್ಕಾಟ್‌ಲೆಂಡ್ ಮೂಲದ ಜಾನ್ ರೀಡ್ ಮತ್ತವರ ಗೆಳೆಯರು ಸೇಂಟ್ ಆಂಡ್ರೂಸ್ ಎಂಬ ಹೆಸರಿನಲ್ಲಿ ಕ್ಲಬ್ ಕಟ್ಟುವ ಹೊತ್ತಿಗೆ 1888 ಬಂದಿತ್ತು. ಗಾಲ್ಫಿನ ಲೆಕ್ಕದಲ್ಲಿ ಬೆಂಗಳೂರಿನ ದಂಡುಪ್ರದೇಶ ನ್ಯೂಯಾರ್ಕಿಗಿಂತ ಹನ್ನೆರಡು ವರ್ಷ ಹಿರಿದು ಎಂಬುದನ್ನು ನಮ್ಮವರು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಅಮೆರಿಕದ ಗಾಲ್ಫನ್ನು ಆಳುವ ಯುಎಸ್‌ಜಿಎ ಸಂಸ್ಥೆಯನ್ನು ಐದು ಕ್ಲಬ್‌ಗಳು ಸೇರಿ ಕಟ್ಟಿದ್ದು 1894ರ ಡಿಸೆಂಬರಿನಲ್ಲಿ. ಅಲ್ಲಿಂದ ಮುಂದೆ ಆಟ ಕಾಳ್ಗಿಚ್ಚಿನಂತೆ ಹಬ್ಬಿತು. ಶತಮಾನ ಮುಗಿಯುವ ಹೊತ್ತಿಗೆ ಆ ದೇಶದಲ್ಲಿ ಸಾವಿರದಷ್ಟು ಗಾಲ್ಫ್ ಕೋರ್ಸ್‌ಗಳಾಗಿದ್ದವು.

ಹೀಗೆ ಒಮ್ಮೆಗೇ ಹಬ್ಬಿದ್ದರಿಂದ ಒಂದು ವಿಶೇಷ ಪೀಳಿಗೆ ತಯಾರಾಯಿತು. ಸ್ಕಾಟ್‌ಲೆಂಡಿನಲ್ಲಿ ಅಜ್ಜನೂ ಮೊಮ್ಮಗನೂ ಹುಡುಗರಾಗಿದ್ದಾಗಲೇ ಕೋಲು ಹಿಡಿದವರು. ಅಮೆರಿಕದಲ್ಲಿ ಹಾಗಲ್ಲ, ನಲವತ್ತು ದಾಟಿದ ವಕೀಲರು, ವೈದ್ಯರು, ಬ್ಯಾಂಕಿನವರು, ವ್ಯಾಪಾರಿಗಳು ತಮ್ಮ ಮಕ್ಕಳ ಜೊತೆಗೇ ಆಟದ ಮೊದಲ ಪಾಠ ಕಲಿತರು. ಜಾನ್ ಡಿ. ರಾಕ್‌ಫೆಲರ್ 1899ರಲ್ಲಿ ಗಾಲ್ಫ್ ಶುರುಮಾಡಿದಾಗ ಅವರಿಗೆ ಅರವತ್ತರ ಹತ್ತಿರ. ತಡವಾಗಿ ಕಲಿತವರ ಮೈಗೆ ಹುಡುಗರ ಬಳುಕು ಬಾರದು. ಆದರೆ ಆಸೆ ಹುಡುಗರಿಗಿಂತ ಹೆಚ್ಚೇ ಇರುತ್ತದೆ. 1905ರ ಹೊತ್ತಿಗೆ ಈ ಪೀಳಿಗೆ ಐವತ್ತೈದು, ಅರವತ್ತು ಮುಟ್ಟಿತ್ತು. ಅವರಿಗೆ ಆಟದ ಹುಚ್ಚು ಹಿಡಿದಿತ್ತು, ಬಿಡುವಿತ್ತು, ಹಣವೂ ಇತ್ತು. ಕ್ಲಬ್ಬಿನ ಪಂದ್ಯಗಳಲ್ಲಿ ಮಾತ್ರ ಇಪ್ಪತ್ತೈದರ ಹುಡುಗರ ಮುಂದೆ ಮೊದಲ ಸುತ್ತಿನಲ್ಲೇ ಸೋತು ವರಾಂಡದಲ್ಲಿ ಕೂರಬೇಕಾಗಿತ್ತು.

ತಡವಾಗಿ ಕಲಿತೂ ಗೆಲ್ಲಬಹುದೆಂಬ ನಂಬಿಕೆಯನ್ನು ಅವರೆದುರಿಗೆ ಇಟ್ಟವರು ವಾಲ್ಟರ್ ಟ್ರಾವಿಸ್. ಮೂವತ್ತು ದಾಟಿ ನಾಲ್ಕಾರು ವರ್ಷವಾದ ಮೇಲೆ ಮೊದಲ ಸಲ ಗಾಲ್ಫ್ ಕೋಲು ಹಿಡಿದ ಅವರು 1900, 1901 ಮತ್ತು 1903ರಲ್ಲಿ ಅಮೆರಿಕದ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದರು. 1904ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ರಿಟಿಷ್ ಅಮೆಚೂರ್ ಪ್ರಶಸ್ತಿಯನ್ನೂ ತಂದರು. ಆಗ ಅವರಿಗೆ ನಲವತ್ತೆರಡು. ಆಟದ ಲೋಕ ಅವರನ್ನು ಆಗಲೇ ‘ಮುದುಕ’ ಎಂದು ಕರೆಯುತ್ತಿತ್ತು! ದೂರಕ್ಕೆ ಹೊಡೆಯುವ ಶಕ್ತಿ ಅವರಿಗೆ ಇರಲಿಲ್ಲ, ನೇರಕ್ಕೆ ಹೊಡೆಯುವುದು ಮತ್ತು ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಇಳಿಸುವುದು ಸಿದ್ಧಿಸಿತ್ತು. ಹಿರಿಯರ ಗಾಲ್ಫಿಗೆ ಅವರ ಆಟವೇ ಪಠ್ಯಪುಸ್ತಕ. ಇನ್ನೊಂದು ಸಹಾಯ ಕಾರ್ಖಾನೆಯಿಂದ ಬಂತು. ಕೋಬರ್ನ್ ಹ್ಯಾಸ್ಕೆಲ್ 1899ರಲ್ಲಿ ಪೇಟೆಂಟ್ ಪಡೆದ, ಒಳಗೆ ರಬ್ಬರ್ ದಾರ ಸುತ್ತಿದ ಚೆಂಡು ಹಳೆಯ ಗಟ್ಟಿ ಚೆಂಡಿಗಿಂತ ಸುಲಭವಾಗಿ ಪುಟಿಯುತ್ತಿತ್ತು. ತೋಳಿನ ಬಲ ಇಳಿದವರ ಹೊಡೆತಕ್ಕೂ ಅದು ಒಂದಿಷ್ಟು ದೂರ ಸೇರಿಸಿತು. ಟ್ರಾವಿಸ್ 1901ರ ಪ್ರಶಸ್ತಿ ಗೆದ್ದದ್ದು ಈ ಚೆಂಡಿನಲ್ಲೇ.

ಹಾಚ್‌ಕಿಸ್ ತಮ್ಮ ಪಂದ್ಯಾವಳಿಗೆ ಆರಿಸಿಕೊಂಡ ಜಾಗ ಅಷ್ಟೇನೂ ಸುಲಭದ್ದಲ್ಲ. ಅಪವಾಮಿಸ್ ಕ್ಲಬ್ 1890ರದು, ಅದರ ಗಾಲ್ಫ್ ಕೋರ್ಸ್ 1899ರದು. ಗುಡ್ಡ, ಇಳಿಜಾರು, ಬಂಡೆಗಳ ನೆಲ. ಮೊದಲ ಹೋಲಿಗೇ ಏರು ಹತ್ತಬೇಕು. ಅಲ್ಲಿನ ಬಂಡೆಯೊಂದು ಗಾಲ್ಫ್ ಚರಿತ್ರೆಯಲ್ಲಿ ಹೆಸರು ಮಾಡಿದೆ: 1911ರ ಅಮೆರಿಕನ್ ಅಮೆಚೂರ್ ಫೈನಲ್ ಸಮವಾಗಿ ಮುಗಿದು ಹೆಚ್ಚುವರಿ ಹೋಲಿಗೆ ಹೋದಾಗ, ಇಂಗ್ಲೆಂಡಿನ ಹೆರಾಲ್ಡ್ ಹಿಲ್ಟನ್ ಹೊಡೆದ ಚೆಂಡು ದಾರಿ ತಪ್ಪಿ ಬಲಕ್ಕೆ ಹೋಗಿ ಆ ಕಲ್ಲಿನ ದಿಬ್ಬದಿಂದ ಪುಟಿದು ಗ್ರೀನಿಗೆ ಉರುಳಿ ಬಂತು, ಅವರು ಫ್ರೆಡ್ ಹೆರೆಶಾಫ್ ಅವರನ್ನು ಸೋಲಿಸಿ ಕಪ್ಪನ್ನು ಸಮುದ್ರದಾಚೆ ಒಯ್ದರು. ಆಗ ಹಿಲ್ಟನ್ ಅವರಿಗೂ ನಲವತ್ತೆರಡೇ. ಇಂಥ ನೆಲದಲ್ಲಿ ಅರವತ್ತೈದು, ಎಪ್ಪತ್ತರ ಹಿರಿಯರು ಎಲ್ಲರಂತೆ ನಡೆದೇ ಹದಿನೆಂಟು ಹೋಲು ಆಡುತ್ತಿದ್ದರು. ಬ್ಯಾಟರಿ ಗಾಡಿ ಕೋರ್ಸುಗಳಲ್ಲಿ ಸಾಮಾನ್ಯವಾಗಲು ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು.

ಪಂದ್ಯಾವಳಿಯ ಕಟ್ಟುಪಾಡನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಹಾಚ್‌ಕಿಸ್ ಅವರ ಜಾಣತನ ಇರುವುದು ಅಲ್ಲಿ. ಮೂವತ್ತಾರು ಹೋಲುಗಳ ಆಟ, ದಿನಕ್ಕೆ ಹದಿನೆಂಟರಂತೆ ಎರಡು ದಿನ. ಒಬ್ಬರೆದುರು ಒಬ್ಬರು ಆಡಿ ಸೋತವರು ಮನೆಗೆ ಹೋಗುವ ನಾಕೌಟ್ ಪದ್ಧತಿಯನ್ನು ಬಿಟ್ಟು, ಎಲ್ಲರೂ ಎರಡೂ ದಿನ ಆಡಿ ಒಟ್ಟು ಹೊಡೆತ ಎಣಿಸುವ ಪದ್ಧತಿಯನ್ನು ಹಿಡಿದರು. ಇದರಿಂದ ಮೊದಲ ಸುತ್ತಿನಲ್ಲಿ ಎಡವಿದವರೂ ಎರಡನೆಯ ದಿನ ಬರಲೇಬೇಕು, ಬಂದವರೊಂದಿಗೆ ಊಟ ಮಾಡಲೇಬೇಕು. ಅತಿ ಕಡಿಮೆ ಹೊಡೆತದವರಿಗೆ ಮುಖ್ಯ ಪ್ರಶಸ್ತಿ. ಹ್ಯಾಂಡಿಕ್ಯಾಪ್ ಕಳೆದ ಮೇಲಿನ ಲೆಕ್ಕಕ್ಕೆ ಬೇರೆ ಬಹುಮಾನ. ಅದರ ಮೇಲೆ ವಯಸ್ಸಿನ ವರ್ಗಗಳು: ಐವತ್ತೈದು ದಾಟಿದವರಲ್ಲೇ ಅರವತ್ತು, ಅರವತ್ತೈದು, ಎಪ್ಪತ್ತು ಎಂದು ಐದೈದು ವರ್ಷದ ಮೆಟ್ಟಿಲು. ಎಪ್ಪತ್ತೊಂದರವರು ತಮ್ಮ ವರ್ಗದಲ್ಲಿ ಎಳೆಯರು! ಹುಟ್ಟುಹಬ್ಬ ಬಂದು ಮೇಲಿನ ವರ್ಗಕ್ಕೆ ಏರಿದವರಿಗೆ ಹೊಸ ಹುರುಪು ಬರುವುದನ್ನು ಇಂದಿಗೂ ಯಾವ ಹಿರಿಯರ ಬಳಗದಲ್ಲಾದರೂ ಕಾಣಬಹುದು. ವರ್ಷ ಹೋದಂತೆ ಗೆಲುವಿನ ಸಾಧ್ಯತೆ ಹೆಚ್ಚುವ ಸ್ಪರ್ಧೆ ಜಗತ್ತಿನಲ್ಲಿ ಮತ್ತೆಲ್ಲಿದೆ?

ಆ ಕಾಲದ ಅಮೆರಿಕದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಐವತ್ತು ವರ್ಷವನ್ನೂ ಮುಟ್ಟಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಐವತ್ತೈದು ಎಂದರೆ ತಮ್ಮ ಪಾಲಿನ ಕೆಲಸ ಮುಗಿಸಿದವರೆಂದು ಜನ ಗಣಿಸುತ್ತಿದ್ದ ವಯಸ್ಸು. ಅದನ್ನೇ ಪ್ರವೇಶದ ಅರ್ಹತೆ ಮಾಡಿದ್ದು ಹಾಚ್‌ಕಿಸ್ ಅವರ ನಿಜವಾದ ಕೊಡುಗೆ ಎಂದು ನಾನು ತಿಳಿದಿದ್ದೇನೆ. ಹಿರಿಯರಿಗೆ ವಿನಾಯಿತಿ ಕೊಡುವ ಪದ್ಧತಿ ಎಲ್ಲ ಕಡೆ ಇದೆ. ಅವರಿಗೆ ಎದುರಾಳಿಗಳನ್ನು ಹುಡುಕಿಕೊಟ್ಟವರು ಅಪವಾಮಿಸ್‌ನವರು. ಸ್ಕೋರ್ ಕಾರ್ಡಿಗೆ ಸಹಿ ಹಾಕುವಾಗ ಕೈ ಸ್ವಲ್ಪ ನಡುಗಬೇಕು, ಅದು ವಯಸ್ಸಿನಿಂದಲ್ಲದೆ ಪೈಪೋಟಿಯಿಂದ ನಡುಗಬೇಕು. ಸಮಾಧಾನದ ಬಹುಮಾನ ಆ ನಡುಕವನ್ನು ತರುವುದಿಲ್ಲ.

ಆರಂಭದ ವರ್ಷಗಳಲ್ಲಿ ಅಪವಾಮಿಸ್‌ನವರೇ ಆದ ಜೇಮ್ಸ್ ಡಿ. ಫುಟ್ ಮತ್ತೆ ಮತ್ತೆ ಗೆದ್ದರು. ಆಟಗಾರರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿ, ಎಲ್ಲರಿಗೂ ಎರಡು ದಿನದಲ್ಲಿ ಕೋರ್ಸ್ ಸಾಲದಾಯಿತು. ಆಗ ಆಟಗಾರರನ್ನು ಎರಡು ಪಂಗಡ ಮಾಡಿ, ಮೊದಲೆರಡು ದಿನ ಒಂದು ಪಂಗಡ, ಮುಂದಿನೆರಡು ದಿನ ಇನ್ನೊಂದು ಪಂಗಡ ಆಡುವಂತೆ ಏರ್ಪಾಡು ಮಾಡಿದರು. ಒಂದು ಕ್ಲಬ್ ತನ್ನ ಅತಿಥಿಗಳಿಗೆಂದು ನಡೆಸುತ್ತಿದ್ದ ಕೂಟ ದೇಶದ ಹಲವು ರಾಜ್ಯಗಳ ಹಿರಿಯರನ್ನು ಕರೆತರುತ್ತಿದ್ದಾಗ, ಅದಕ್ಕೆ ಸ್ವಂತ ನಿಯಮಾವಳಿ, ಸ್ವಂತ ಪದಾಧಿಕಾರಿಗಳು ಬೇಕಾದದ್ದು ಸಹಜ. 1917ರ ಸಂಘದ ಹುಟ್ಟಿನ ಹಿಂದೆ ಇದ್ದದ್ದು ಈ ಅಗತ್ಯ. ಸಂಘದ ಆರಂಭಕಾಲದ ಅಧ್ಯಕ್ಷರಲ್ಲಿ ಡಾರ್ವಿನ್ ಕಿಂಗ್ಸ್‌ಲಿ ಒಬ್ಬರು. ಅವರು ನ್ಯೂಯಾರ್ಕ್ ಲೈಫ್ ಎಂಬ ಜೀವವಿಮಾ ಕಂಪನಿಯ ಮುಖ್ಯಸ್ಥರು. ಮನುಷ್ಯ ಎಷ್ಟು ವರ್ಷ ಬದುಕುತ್ತಾನೆ ಎಂಬ ಲೆಕ್ಕವನ್ನೇ ಕಸುಬು ಮಾಡಿಕೊಂಡಿದ್ದ ಸಂಸ್ಥೆಯ ಯಜಮಾನರು ಹಿರಿಯರ ಆಟದ ಸಂಘವನ್ನು ಅಷ್ಟು ಶ್ರದ್ಧೆಯಿಂದ ಬೆಳೆಸಿದ್ದು ನನಗೆ ತುಂಬ ಹಿಡಿಸುವ ಸಂಗತಿ.

ಸಂಘ ಹುಟ್ಟಿದ ವರ್ಷವೇ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಯುವಕರು ಸೇನೆಗೆ ಹೋದರು, ಯುಎಸ್‌ಜಿಎ 1917 ಮತ್ತು 1918ರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳನ್ನು ನಿಲ್ಲಿಸಿತು. ಆದರೆ ಹಿರಿಯರ ಆಟಕ್ಕೆ ಗಡಿ ದಾಟುವ ಅವಕಾಶ ಬಂದದ್ದು ಆ ದಿನಗಳಲ್ಲೇ. 1918ರಲ್ಲಿ ಕೆನಡಾದಲ್ಲೂ ಹಿರಿಯರ ಗಾಲ್ಫ್ ಸಂಘ ಸ್ಥಾಪನೆಯಾಯಿತು. ಆಗ ಕೆನಡಾದ ಗವರ್ನರ್ ಜನರಲ್ ಆಗಿದ್ದ ಡೆವನ್‌ಷೈರ್ ಡ್ಯೂಕ್ ಎರಡು ದೇಶಗಳ ಹಿರಿಯರ ನಡುವಿನ ಪಂದ್ಯಕ್ಕೆಂದು ಒಂದು ಕಪ್ ಕೊಟ್ಟರು. ಮೊದಲ ಪಂದ್ಯ ನಡೆದದ್ದು ರಾಯಲ್ ಮಾಂಟ್ರಿಯಲ್ ಕ್ಲಬ್ಬಿನಲ್ಲಿ. 1873ರ ಆ ಕ್ಲಬ್ ಉತ್ತರ ಅಮೆರಿಕದಲ್ಲೇ ಹಳೆಯದು. ಬ್ರಿಟನ್ನಿನಲ್ಲಿ ಸೀನಿಯರ್ ಗಾಲ್ಫರ್ಸ್ ಸೊಸೈಟಿ ಹುಟ್ಟಿದ್ದು 1926ರಲ್ಲಿ. ಅಂದರೆ ಶಿಷ್ಯರ ನಾಡಿನಿಂದ ಗುರುವಿನ ಮನೆಗೆ ಈ ಪದ್ಧತಿ ಹೋಗಲು ಇಪ್ಪತ್ತೊಂದು ವರ್ಷ ಬೇಕಾಯಿತು. ಅದಾದ ಮೇಲೆ ಮೂರು ದೇಶಗಳ ಹಿರಿಯರು ಹಡಗು ಹತ್ತಿ ಪರಸ್ಪರರ ಕೋರ್ಸುಗಳಿಗೆ ಹೋಗಿ ತ್ರಿಕೋನ ಪಂದ್ಯ ಆಡುವ ಸಂಪ್ರದಾಯ ಬೆಳೆಯಿತು.

ಸಂಘದ ವಿಜೇತರ ಪಟ್ಟಿಯಲ್ಲಿ ಹೆಚ್ಚಿನವರು ಹೊರಗಿನ ಲೋಕಕ್ಕೆ ಅಪರಿಚಿತರು, ಹಾಗಿರಬೇಕಾದದ್ದೂ ಸರಿಯೇ. ಆದರೂ ಒಂದು ಹೆಸರನ್ನು ಎತ್ತಿ ಹೇಳಬೇಕು. ಫಿಂಡ್ಲೆ ಡಗ್ಲಸ್ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹುಟ್ಟಿ ಬೆಳೆದು ಅಮೆರಿಕಕ್ಕೆ ಬಂದವರು. 1898ರಲ್ಲಿ ಅಮೆರಿಕದ ಅಮೆಚೂರ್ ಚಾಂಪಿಯನ್, 1929 ಮತ್ತು 1930ರಲ್ಲಿ ಯುಎಸ್‌ಜಿಎ ಅಧ್ಯಕ್ಷರು. ಬಾಬಿ ಜೋನ್ಸ್ ಒಂದೇ ವರ್ಷದಲ್ಲಿ ನಾಲ್ಕು ದೊಡ್ಡ ಪ್ರಶಸ್ತಿಗಳನ್ನು ಗೆದ್ದ ಕಾಲದಲ್ಲಿ ಅಮೆರಿಕದ ಗಾಲ್ಫ್ ಆಡಳಿತ ಇವರ ಕೈಯಲ್ಲಿತ್ತು. ಆ ಪದವಿಯಿಂದ ಇಳಿದ ಮೇಲೆ, 1932ರಲ್ಲಿ, ಅವರು ಹಿರಿಯರ ಚಾಂಪಿಯನ್ ಆದರು. ಇಪ್ಪತ್ತಮೂರರ ಆಸುಪಾಸಿನಲ್ಲಿ ಯುವಕರ ಪಟ್ಟ, ಐವತ್ತೇಳರ ಆಸುಪಾಸಿನಲ್ಲಿ ಹಿರಿಯರ ಪಟ್ಟ. ನಡುವಿನ ಮೂವತ್ತನಾಲ್ಕು ವರ್ಷ ಅವರು ಆಟವನ್ನು ಬಿಡಲಿಲ್ಲ.

ಈ ಚರಿತ್ರೆಯಲ್ಲಿ ಮುಚ್ಚಿಡಬಾರದ ಒಂದು ಭಾಗವಿದೆ. ಅಪವಾಮಿಸ್‌ನ ಊಟದ ಮೇಜಿನ ಸುತ್ತ ಕೂತವರು ಬಿಳಿಯರು, ಗಂಡಸರು, ಸಿರಿವಂತರು. ಗುಡ್ಡ ಹತ್ತುವ ಆ ಹಿರಿಯರ ಕೋಲುಗಳ ಚೀಲವನ್ನು ಹೊತ್ತವರು ಪಕ್ಕದ ಊರುಗಳ ಬಡ ಹುಡುಗರು. ಹತ್ತಿರದ ಹ್ಯಾರಿಸನ್‌ನಲ್ಲಿ ಇಟಲಿಯಿಂದ ವಲಸೆ ಬಂದ ಬಡಗಿಯೊಬ್ಬರ ಮಗ 1902ರಲ್ಲಿ ಹುಟ್ಟಿದ. ಎಂಟು ವರ್ಷದವನಿರುವಾಗಲೇ ಕ್ಯಾಡಿ ಕೆಲಸಕ್ಕೆ ನಿಂತ ಅವನು ಮುಂದೆ ಅಪವಾಮಿಸ್‌ನಲ್ಲೂ ಚೀಲ ಹೊತ್ತ. ಅವನೇ ಜೀನ್ ಸಾರಜೆನ್. 1922ರಲ್ಲಿ ಇಪ್ಪತ್ತರ ಹರೆಯದಲ್ಲಿ ಯುಎಸ್ ಓಪನ್ ಗೆದ್ದ, ಮುಂದೆ ನಾಲ್ಕೂ ದೊಡ್ಡ ವೃತ್ತಿಪರ ಪ್ರಶಸ್ತಿಗಳನ್ನು ಗೆದ್ದ ಮೊದಲಿಗನಾದ. ಅದೇ ಕೋರ್ಸಿನಲ್ಲಿ ಅದೇ ಕಾಲದಲ್ಲಿ ಚೀಲ ಹೊತ್ತ ಇನ್ನೊಬ್ಬ ಹುಡುಗ ಎಡ್ ಸಲಿವನ್, ಮುಂದೆ ಅಮೆರಿಕದ ಟೆಲಿವಿಷನ್ನಿನ ಮನೆಮಾತಾದ ನಿರೂಪಕ.

ಸಾರಜೆನ್ ಅವರ ಉತ್ತರಾರ್ಧ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ವೃತ್ತಿಪರ ಆಟಗಾರರಿಗೂ ಹಿರಿಯರ ಸ್ಪರ್ಧೆ ಬೇಕೆಂದು 1937ರಲ್ಲಿ ಪಿಜಿಎ ಸೀನಿಯರ್ಸ್ ಚಾಂಪಿಯನ್‌ಷಿಪ್ ಶುರುವಾಗಿತ್ತು. ಬಾಬಿ ಜೋನ್ಸ್ ತಮ್ಮ ಅಗಸ್ಟಾ ನ್ಯಾಷನಲ್ ಕೋರ್ಸನ್ನು ಅದಕ್ಕೆ ಬಿಟ್ಟುಕೊಟ್ಟರು, ಆಲ್ಫ್ರೆಡ್ ಬೋರ್ನ್ ಎಂಬ ಸಿರಿವಂತರು ಟ್ರೋಫಿ ಕೊಟ್ಟರು, ಜಾಕ್ ಹಚಿಸನ್ ಮೊದಲ ವಿಜೇತರಾದರು. ಈ ಪ್ರಶಸ್ತಿಯನ್ನು ಸಾರಜೆನ್ 1954 ಮತ್ತು 1958ರಲ್ಲಿ ಗೆದ್ದರು. 1973ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಸ್ಕಾಟ್‌ಲೆಂಡಿನ ಟ್ರೂನ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಎಂಟನೆಯ ಹೋಲಿನಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದರು. ಹಿರಿಯರ ವರ್ಗದ ಪಂದ್ಯವಾಗಿರಲಿಲ್ಲ ಅದು. ಜಗತ್ತಿನ ಅತ್ಯುತ್ತಮ ಯುವ ಆಟಗಾರರ ನಡುವೆ ಆಡಿದ ಆಟ.

ಸಾರಜೆನ್ ದಾಟಿದ ಬಡತನದ ಬೇಲಿಗಿಂತ ಬಣ್ಣದ ಬೇಲಿ ಎತ್ತರದ್ದು. ಅಮೆರಿಕದ ಪಿಜಿಎ ಸಂಸ್ಥೆಯ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ಕಲಮು 1961ರವರೆಗೂ ಇತ್ತು. ಉತ್ತರ ಕೆರೊಲಿನಾದ ಚಾರ್ಲಿ ಸಿಫರ್ಡ್ ಹುಡುಗನಾಗಿದ್ದಾಗ ಕ್ಯಾಡಿ ಕೆಲಸ ಮಾಡುತ್ತ ಆಟ ಕಲಿತವರು, 1922ರಲ್ಲಿ ಹುಟ್ಟಿದವರು. ಆ ಕಲಮು ಹೋಗುವ ಹೊತ್ತಿಗೆ ಅವರ ಆಟದ ಉತ್ತಮ ವರ್ಷಗಳು ಕಳೆದಿದ್ದವು. ಬೆದರಿಕೆ, ಬೈಗುಳಗಳ ನಡುವೆಯೂ ಅವರು 1967 ಮತ್ತು 1969ರಲ್ಲಿ ಪಿಜಿಎ ಟೂರ್‌ನ ಪಂದ್ಯಾವಳಿಗಳನ್ನು ಗೆದ್ದರು. 1975ರಲ್ಲಿ ಪಿಜಿಎ ಸೀನಿಯರ್ಸ್ ಚಾಂಪಿಯನ್ ಆದರು. ಹಿರಿಯರ ವೃತ್ತಿಪರ ಟೂರ್ ಆರಂಭವಾದ 1980ರಲ್ಲಿ ಫ್ಲಾರಿಡಾದ ಸನ್‌ಟ್ರೀ ಪಂದ್ಯಾವಳಿಯನ್ನೂ ಗೆದ್ದರು. ಅನ್ಯಾಯವಾಗಿ ಕಳೆದುಹೋದ ಯೌವನವನ್ನು ಯಾರೂ ತಿರುಗಿಸಿ ಕೊಡಲಾರರು. ಆದರೆ ಹಿರಿಯರಿಗೊಂದು ಸ್ಪರ್ಧೆ ಇದ್ದದ್ದರಿಂದ ಸಿಫರ್ಡ್ ಅಂಥವರ ಆಟವನ್ನು ಜನ ಇನ್ನಷ್ಟು ವರ್ಷ ನೋಡುವಂತಾಯಿತು. ಹಾಚ್‌ಕಿಸ್ ಮತ್ತವರ ಗೆಳೆಯರು ಇದನ್ನು ಕಲ್ಪಿಸಿಕೊಂಡಿರಲಿಕ್ಕಿಲ್ಲ. ಅವರು ತೆರೆದ ಬಾಗಿಲಿನಿಂದ ಅವರು ಕರೆಯದೆ ಇದ್ದವರೂ ಒಳಗೆ ಬಂದರು, ಬಂದು ಗೆದ್ದರು.

ಹವ್ಯಾಸಿಗಳ ಕಡೆಗೆ ಮರಳಿದರೆ, ಕ್ಲಬ್‌ಗಳ ಹಿರಿಯರನ್ನು ದಿನನಿತ್ಯ ಕಾಪಾಡಿದ್ದು ಒಂದು ಲೆಕ್ಕದ ಪದ್ಧತಿ. ಅದಕ್ಕೆ ನಾವು ಸ್ಟೇಬಲ್‌ಫರ್ಡ್ ಎನ್ನುತ್ತೇವೆ. ಫ್ರಾಂಕ್ ಸ್ಟೇಬಲ್‌ಫರ್ಡ್ ಶಸ್ತ್ರಚಿಕಿತ್ಸಕರು. ಒಂದು ಹೋಲಿನಲ್ಲಿ ಒಂಬತ್ತೋ ಹತ್ತೋ ಹೊಡೆತ ಹಾಳಾದರೆ ಇಡೀ ದಿನದ ಕಾರ್ಡೇ ಕೆಟ್ಟು, ಆಟಗಾರರು ಅರ್ಧಕ್ಕೇ ಬೇಸತ್ತು ಹಿಂದಿರುಗುವುದನ್ನು ಅವರು ಕಂಡಿದ್ದರು. 1898ರಲ್ಲಿ ವೇಲ್ಸಿನ ಗ್ಲಮೋರ್ಗನ್‌ಷೈರ್ ಕ್ಲಬ್ಬಿನಲ್ಲಿ ಅಂಕದ ಪದ್ಧತಿಯನ್ನು ಒಮ್ಮೆ ಪ್ರಯೋಗಿಸಿ ನೋಡಿದರು. ಅದು ಅಲ್ಲಿಗೇ ನಿಂತಿತು. ಬಳಿಕ ಇಂಗ್ಲೆಂಡಿನ ವಾಲಸೀ ಕ್ಲಬ್ಬಿನಲ್ಲಿ, ಸಮುದ್ರದ ಗಾಳಿಗೆ ಎದುರಾಗಿ ಉದ್ದದ ಹೋಲುಗಳನ್ನು ಆಡಲಾಗದ ಕಷ್ಟ ಅವರದೇ ಆಯಿತು. 1932ರ ಮೇ ತಿಂಗಳಲ್ಲಿ ಅಲ್ಲಿ ಹೊಸ ಪದ್ಧತಿಯ ಪಂದ್ಯ ನಡೆಯಿತು, ಆಗ ಅವರಿಗೆ ಅರವತ್ತು ದಾಟಿತ್ತು. ಪ್ರತಿ ಹೋಲಿಗೂ ಬೇರೆಯೇ ಅಂಕ. ನಿಗದಿತ ಹೊಡೆತಕ್ಕೆ ಎರಡು, ಒಂದು ಕಡಿಮೆಯಾದರೆ ಮೂರು, ಒಂದು ಹೆಚ್ಚಾದರೆ ಒಂದು, ಅದಕ್ಕೂ ಮೀರಿದರೆ ಸೊನ್ನೆ. ಸೊನ್ನೆ ಬಂದ ಕೂಡಲೇ ಚೆಂಡು ಎತ್ತಿಕೊಂಡು ಮುಂದಿನ ಹೋಲಿಗೆ ನಡೆದರಾಯಿತು. ಇದರ ಜೊತೆಗೆ ಹ್ಯಾಂಡಿಕ್ಯಾಪ್ ಸೇರುತ್ತದೆ: ಓಟದ ಆಟದಲ್ಲಿ ಚಿಕ್ಕವನಿಗೆ ನಾಲ್ಕು ಹೆಜ್ಜೆ ಮುಂದೆ ಗೆರೆ ಎಳೆದುಕೊಡುವಂತೆ, ದುರ್ಬಲ ಆಟಗಾರರಿಗೆ ಕೆಲವು ಹೊಡೆತಗಳ ರಿಯಾಯಿತಿ. ಎಂಬತ್ತರ ಹಿರಿಯರೊಬ್ಬರು ಐವತ್ತಾರರ ಗೆಳೆಯರನ್ನು ಒಂದು ಮಂಗಳವಾರ ಬೆಳಗ್ಗೆ ನ್ಯಾಯವಾಗಿ ಸೋಲಿಸಲು ಈ ಎರಡು ಏರ್ಪಾಡು ಸಾಕು. ಇವೆರಡೂ ಇಲ್ಲದೆ ಹಿರಿಯರ ಸಾಮಾಜಿಕ ಗಾಲ್ಫ್ ಕ್ಲಬ್ ಎಂಬುದು ಒಂದೇ ವರ್ಷದಲ್ಲಿ ಬರಿಯ ತಿಂಡಿಯ ಕ್ಲಬ್ ಆಗಿಬಿಡುತ್ತಿತ್ತು ಎಂದು ನನಗೆ ಖಚಿತವಾಗಿ ತೋರುತ್ತದೆ.

ಯುಎಸ್‌ಜಿಎ ಹಿರಿಯ ಹವ್ಯಾಸಿಗಳಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸತೊಡಗಿದ್ದು 1955ರಲ್ಲಿ. ಅಪವಾಮಿಸ್‌ನ ಪಂದ್ಯಾವಳಿಗೆ ಐವತ್ತು ವರ್ಷ ತುಂಬಿದ ಮೇಲೆ. ಅರ್ಹತೆಯ ವಯಸ್ಸು ಅಲ್ಲೂ ಐವತ್ತೈದೇ. ಮಹಿಳೆಯರ ಸೀನಿಯರ್ ಅಮೆಚೂರ್ 1962ರಲ್ಲಿ ಬಂತು, ಮೊದಲ ವಿಜೇತೆ ಮೌರೀನ್ ಆರ್ಕಟ್, ನ್ಯೂಯಾರ್ಕ್ ಟೈಮ್ಸ್‌ನ ಕ್ರೀಡಾ ವರದಿಗಾರ್ತಿಯಾಗಿದ್ದವರು. ವೃತ್ತಿಪರ ಹಿರಿಯ ಪುರುಷರಿಗೆ ಯುಎಸ್ ಸೀನಿಯರ್ ಓಪನ್ 1980ರಿಂದ ಇದೆ. ಮಹಿಳೆಯರಿಗೆ ಅಂಥದ್ದೊಂದು ಸಿಕ್ಕಿದ್ದು 2018ರಲ್ಲಿ. ಷಿಕಾಗೊ ಗಾಲ್ಫ್ ಕ್ಲಬ್ಬಿನಲ್ಲಿ ನಡೆದ ಅದನ್ನು ಇಂಗ್ಲೆಂಡಿನ ಲಾರಾ ಡೇವಿಸ್ ಹತ್ತು ಹೊಡೆತಗಳ ಅಂತರದಲ್ಲಿ ಗೆದ್ದರು. ಮೂವತ್ತೆಂಟು ವರ್ಷಗಳ ಈ ತಡಕ್ಕೆ ಯಾವ ಸಮರ್ಥನೆಯೂ ಇಲ್ಲ. ಹಿರಿಯರ ಬಳಗ ಎಂದಾಗ ಇಂದಿಗೂ ಗಂಡಸರ ಬಳಗ ಎಂದೇ ಕಣ್ಣಮುಂದೆ ಬರುವಷ್ಟು ಈ ತಡ ನಮ್ಮ ಅಭ್ಯಾಸದಲ್ಲಿ ಬೇರುಬಿಟ್ಟಿದೆ.

ವೃತ್ತಿಪರ ಹಿರಿಯರ ಆಟ ಟೆಲಿವಿಷನ್ ಹತ್ತಿದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. 1978ರಲ್ಲಿ ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ ‘ಲೆಜೆಂಡ್ಸ್ ಆಫ್ ಗಾಲ್ಫ್’ ಎಂಬ ಜೋಡಿ ಆಟದ ಪಂದ್ಯಾವಳಿ ನಡೆಯಿತು, ಸ್ಯಾಮ್ ಸ್ನೀಡ್ ಮತ್ತು ಗಾರ್ಡ್ನರ್ ಡಿಕಿನ್‌ಸನ್ ಗೆದ್ದರು. ಮರುವರ್ಷ ಅದೇ ಪಂದ್ಯಾವಳಿ ಸಮವಾಗಿ, ಆರು ಹೆಚ್ಚುವರಿ ಹೋಲುಗಳವರೆಗೆ ಎಳೆಯಿತು. ರಾಬರ್ಟೊ ಡಿ ವಿಸೆಂಜೊ, ಜೂಲಿಯಸ್ ಬೊರೋಸ್ ಒಂದು ಕಡೆ, ಟಾಮಿ ಬೋಲ್ಟ್, ಆರ್ಟ್ ವಾಲ್ ಇನ್ನೊಂದು ಕಡೆ. ಐವತ್ತು ಅರವತ್ತರ ನಾಲ್ವರು ಒಬ್ಬರಿಗೊಬ್ಬರು ಸೋಲದೆ ಆಡಿದ್ದನ್ನು ದೇಶ ಮನೆಯಲ್ಲಿ ಕೂತು ನೋಡಿತು. ಸ್ನೀಡ್ 1979ರಲ್ಲೇ, ಅರವತ್ತೇಳರ ವಯಸ್ಸಿನಲ್ಲಿ, ಯುವಕರ ಪಿಜಿಎ ಟೂರ್ ಪಂದ್ಯಾವಳಿಯೊಂದರಲ್ಲಿ ಒಂದು ದಿನ ಅರವತ್ತೇಳು, ಇನ್ನೊಂದು ದಿನ ಅರವತ್ತಾರು ಹೊಡೆತಗಳಲ್ಲಿ ಸುತ್ತು ಮುಗಿಸಿದರು. ತನ್ನ ವಯಸ್ಸಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಹೊಡೆತಗಳಲ್ಲಿ ಸುತ್ತು ಮುಗಿಸುವುದು ಪ್ರತಿಯೊಬ್ಬ ಹಿರಿಯ ಗಾಲ್ಫರನ ಕನಸು. 1980ರ ಜನವರಿಯಲ್ಲಿ ಸ್ನೀಡ್, ಡಾನ್ ಜನುವರಿ, ಬಾಬ್ ಗೋಲ್ಬಿ ಮುಂತಾದ ಕೆಲವರು ಸೇರಿ ಮಾತನಾಡಿ, ಅದೇ ವರ್ಷ ಹಿರಿಯರ ಟೂರ್ ಶುರುವಾಯಿತು.

ಆ ಟೂರ್‌ನಲ್ಲಿ ಒಂದು ವರ್ಷ ನಮಗೆ ಬಹಳ ಹತ್ತಿರದ್ದು. 1985ರಲ್ಲಿ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಅಲ್ಲಿ ಒಂಬತ್ತು ಪಂದ್ಯಾವಳಿಗಳನ್ನು ಗೆದ್ದರು. ಆಗಸ್ಟಿನಲ್ಲಿ ಅವರಿಗೆ ಐವತ್ತಾರು ತುಂಬಿತು. ಬ್ರಿಟಿಷ್ ಓಪನ್ನನ್ನು ಐದು ಸಲ ಗೆದ್ದ ಈ ಮಹನೀಯರು ಭಾರತದ ಗಾಲ್ಫಿಗೂ ಬಂಧು. 1964ರಲ್ಲಿ ಇಂಡಿಯನ್ ಓಪನ್ ಶುರುವಾಗಲು ಅವರ ಉತ್ತೇಜನವಿತ್ತು; ಮೊದಲ ವರ್ಷ ತಾವೇ ಗೆದ್ದರು, ಮತ್ತೆ 1966 ಮತ್ತು 1976ರಲ್ಲೂ ಗೆದ್ದರು. ಬೆಂಗಳೂರಿನ ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಕೋರ್ಸ್ ಅವರ ಮತ್ತು ಅವರ ಪಾಲುದಾರ ಮೈಕ್ ವೊಲ್ವರಿಜ್ ಅವರ ಸಂಸ್ಥೆಯ ವಿನ್ಯಾಸ. ಎಚ್‌ಎಎಲ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬೆಳಗಿನ ಮಂಜಿನಲ್ಲಿ ಆಡುವ ನಮ್ಮ ಹಿರಿಯರು, ಹಿರಿಯರ ಗಾಲ್ಫಿನ ಅತಿ ದೊಡ್ಡ ಸಾಧಕರಲ್ಲಿ ಒಬ್ಬರು ರೂಪಿಸಿದ ನೆಲದ ಮೇಲೆ ನಡೆಯುತ್ತಿದ್ದಾರೆ.

ನಡೆಯುವುದರ ಲಾಭದ ಬಗ್ಗೆಯೂ ಒಂದು ಮಾತು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಸುಮಾರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆಗಳನ್ನು ನೋಡಿ 2008ರಲ್ಲಿ ವರದಿ ಮಾಡಿದರು. ಅದೇ ವಯಸ್ಸು, ಲಿಂಗ ಮತ್ತು ಸಾಮಾಜಿಕ ಸ್ಥಿತಿಯ ಇತರರಿಗಿಂತ ಗಾಲ್ಫ್ ಆಡುವವರಲ್ಲಿ ಮರಣದ ಪ್ರಮಾಣ ಶೇಕಡಾ 40ರಷ್ಟು ಕಡಿಮೆ. ಆಯುಸ್ಸಿನ ಲೆಕ್ಕದಲ್ಲಿ ಅದು ಸುಮಾರು ಐದು ವರ್ಷ. ಆರೋಗ್ಯ ಇರುವವರೇ ಗಾಲ್ಫಿಗೆ ಬರುತ್ತಾರೆ, ಆದ್ದರಿಂದ ಇಡೀ ಶ್ರೇಯಸ್ಸು ಆಟಕ್ಕೇ ಸಲ್ಲದು. ಆದರೂ ಹದಿನೆಂಟು ಹೋಲಿಗೆ ನಾಲ್ಕಾರು ಗಂಟೆ, ಎಂಟೊಂಬತ್ತು ಕಿಲೋಮೀಟರ್ ನಡಿಗೆ, ಬಯಲ ಗಾಳಿ, ಪಕ್ಕದಲ್ಲಿ ಮಾತಿಗೆ ಮೂರು ಜನ. ನಿವೃತ್ತಿಯ ಮರುದಿನದಿಂದ ಫೋನು ಮೌನವಾಗುವ ಮನೆಗಳನ್ನು ಬಲ್ಲವರಿಗೆ ಆ ಮೂರು ಜನರ ಬೆಲೆ ಎಷ್ಟೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಬಳಗದಲ್ಲಿ ಒಬ್ಬರು ಎರಡು ವಾರ ಬಾರದಿದ್ದರೆ ಮೂರನೆಯ ವಾರ ಯಾರಾದರೂ ಅವರ ಮನೆ ಬಾಗಿಲು ತಟ್ಟುತ್ತಾರೆ. ಯಾವ ಕ್ಲಬ್ಬಿನ ನಿಯಮಾವಳಿಯಲ್ಲೂ ಹೀಗೆ ಬರೆದಿಲ್ಲ, ಆದರೂ ಎಲ್ಲೆಡೆ ನಡೆಯುತ್ತದೆ.

ಅಪವಾಮಿಸ್‌ನ ಚರಿತ್ರೆ ನಮಗೆ ಇಷ್ಟಾದರೂ ತಿಳಿದಿರುವುದು ಅವರು ಪ್ರತಿ ವರ್ಷದ ಫಲಿತಾಂಶ, ಆಟಗಾರರ ಹೆಸರು, ವಯಸ್ಸಿನ ವರ್ಗಗಳನ್ನು ಬರೆದಿಟ್ಟದ್ದರಿಂದ. ಬೆಂಗಳೂರು, ಮೈಸೂರು, ಮಡಿಕೇರಿ, ಚಿಕ್ಕಮಗಳೂರುಗಳ ಹಿರಿಯರ ಬಳಗಗಳ ದಾಖಲೆ ಹೆಚ್ಚಾಗಿ ಸದಸ್ಯರ ಮನೆಯ ಕಪಾಟುಗಳಲ್ಲಿದೆ. ಹಳೆಯ ಸ್ಕೋರ್ ಕಾರ್ಡುಗಳು, ಬಹುಮಾನದ ದಿನದ ಫೋಟೊಗಳು, ಸಭೆಯ ನಡಾವಳಿ ಪುಸ್ತಕಗಳು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಈ ಸಂಚಿಕೆಯ ಸಂಪಾದಕ ಮಂಡಳಿಗೆ ತಲುಪಿಸಿ. ನಕಲು ತೆಗೆದುಕೊಂಡು ಮೂಲಪ್ರತಿ ಹಿಂದಿರುಗಿಸಬಹುದು. ಫೋಟೊಗಳ ಹಿಂದೆ ಹೆಸರು ಬರೆಯುವಾಗ ಕಪ್ ಹಿಡಿದವರ ಹೆಸರಿನ ಜೊತೆಗೆ ಅಂಚಿನಲ್ಲಿ ನಿಂತ ಕ್ಯಾಡಿಗಳ ಹೆಸರನ್ನೂ, ಅವರು ಯಾವ ಊರಿನವರು ಎಂಬುದನ್ನೂ ಬರೆಯಿರಿ.